ಎರಡು ಕೆಜಿ ಬೀಗ

ಚಳ್ಳಕೆರೆಯಲ್ಲಿ ಯಾವ ಅಂಗಡಿಗೆ ಹೋಗಿ ಸೈಕಲ್ ಬೀಗ ಕೊಡಿ ಅಂದರೂ ಮೊದಲು ಕೈಗೆ ಬರುವುದು ಸುರುಳಿ ಸುತ್ತಿದ ನಂಬರ್ ಲಾಕು. ಕೆಂಪು, ನೀಲಿ, ಹಸಿರು ಪ್ಲಾಸ್ಟಿಕ್ಕಿನ ಹೊದಿಕೆ, ನಾಲ್ಕು ಅಂಕಿಗಳು, ನೂರೈವತ್ತು ರೂಪಾಯಿ. ನೋಡಲು ಚೆಂದ, ಬ್ಯಾಗಿನ ಮೂಲೆಯಲ್ಲಿ ಕೂತರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಪ್ಲಾಸ್ಟಿಕ್ಕಿನ ಒಳಗೆ ಏನಿದೆ ಅಂತ ನೋಡಿದವರು ಕಡಿಮೆ. ಎಳೆಎಳೆಯಾಗಿ ಹೊಸೆದ ತೆಳು ತಂತಿ, ಅಷ್ಟೇ. ವೈರಿಂಗ್ ಮಾಡುವವರ ಜೇಬಿನಲ್ಲಿರುವ ಕಟಿಂಗ್ ಪ್ಲೇಯರ್‌ನಿಂದ ನಾಲ್ಕು ಸಲ ಒತ್ತಿದರೆ ಮುಗಿಯಿತು.

ನನಗೆ ಬೇಕಾಗಿದ್ದುದು ತೂಕದ ಬೀಗ. ನನಗೆಂದರೆ, ನನ್ನ ಅಕ್ಕನ ಮಗಳಿಗೆ.

ಅಕ್ಕನ ಊರು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಹೆದ್ದಾರಿಯಿಂದ ಆರು ಕಿಲೋಮೀಟರ್ ಒಳಗೆ. ಹೆದ್ದಾರಿ ಅಂದರೆ 150ಎ, ಹಿರಿಯೂರಿನಿಂದ ಚಳ್ಳಕೆರೆ, ತಳಕು, ಹಾನಗಲ್, ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ರಸ್ತೆ. ಹುಡುಗಿ 2024ರಲ್ಲಿ ಚಳ್ಳಕೆರೆಯಲ್ಲಿ ಪಿಯುಸಿಗೆ ಸೇರಿದಳು. ಮೊಳಕಾಲ್ಮುರು ನಮ್ಮದೇ ತಾಲ್ಲೂಕು ಕೇಂದ್ರ, ಆದರೆ ಅಲ್ಲಿಗೆ ಹೋಗಬೇಕಾದರೆ ಹಾನಗಲ್ ಹತ್ತಿರ ಇಳಿದು ಇನ್ನೊಂದು ಬಸ್ಸು ಕಾಯಬೇಕು. ಚಳ್ಳಕೆರೆಗಾದರೆ ಕ್ರಾಸಿನಿಂದ ನೇರ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ದುಡ್ಡೂ ಇಲ್ಲ. ಬಸ್ಸೇನೋ ಪುಕ್ಕಟೆ. ಬಸ್ಸಿನವರೆಗಿನ ಆರು ಕಿಲೋಮೀಟರಿಗೆ ಸೈಕಲ್ಲು ಬೇಕು, ಆ ಸೈಕಲ್ಲನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆವರೆಗೆ ಕ್ರಾಸಿನಲ್ಲೇ ಬಿಟ್ಟು ಹೋಗಬೇಕು. ಕಷ್ಟ ಇರುವುದು ಈ ಒಂಬತ್ತೂವರೆ ತಾಸಿನಲ್ಲಿ.

ಮೊದಲ ಸೈಕಲ್ಲು ಸೆಕೆಂಡ್ ಹ್ಯಾಂಡು, 3,200 ರೂಪಾಯಿಯದು. ಅದಕ್ಕೆ ಇದ್ದದ್ದು ಹಿಂದಿನ ಚಕ್ರದ ಮೇಲೆ ಕೂತಿರುತ್ತದಲ್ಲ, ಆ ರಿಂಗ್ ಲಾಕು. ಕೀಲಿ ತಿರುಗಿಸಿದರೆ ಒಂದು ಕಬ್ಬಿಣದ ಬಳೆ ಅರೆಗಳ ಮಧ್ಯೆ ಬಂದು ಚಕ್ರ ತಿರುಗದ ಹಾಗೆ ಹಿಡಿಯುತ್ತದೆ. ಕದ್ದವನು ಸೈಕಲ್ಲನ್ನು ತುಳಿದುಕೊಂಡು ಹೋಗುವುದಿಲ್ಲ ಅನ್ನುವುದಷ್ಟೇ ಅದರ ಭರವಸೆ. ಎತ್ತಿಕೊಂಡು ಹೋಗುವುದನ್ನು ಅದು ತಡೆಯಲಾರದು. ನಮ್ಮ ಹೆದ್ದಾರಿಯಲ್ಲಿ ಸಾಮಾನು ಸಾಗಿಸುವ ಸಣ್ಣ ಗಾಡಿಗಳು ಹಗಲಿಡೀ ಓಡಾಡುತ್ತವೆ. ಹದಿನೈದು ಹದಿನಾರು ಕೆಜಿಯ ಸೈಕಲ್ಲನ್ನು ಇಬ್ಬರು ಎತ್ತಿ ಒಗೆಯುವುದಕ್ಕೆ ಎಷ್ಟು ಹೊತ್ತು? ಆಗಸ್ಟ್ ತಿಂಗಳ ಒಂದು ಸಂಜೆ ಹುಡುಗಿ ಬಸ್ಸಿಳಿದಾಗ ಸೈಕಲ್ಲು ನಿಲ್ಲಿಸಿದ್ದ ಜಾಗದಲ್ಲಿ ಸ್ಟ್ಯಾಂಡಿನ ಗುರುತು ಮಾತ್ರ ಇತ್ತು. ಬ್ಯಾಗು ಹೊತ್ತುಕೊಂಡು ಕತ್ತಲಲ್ಲಿ ಆರು ಕಿಲೋಮೀಟರ್ ನಡೆದು ಮನೆಗೆ ಬಂದಳು.

ಪೊಲೀಸ್ ಠಾಣೆಯಲ್ಲಿ ಅರ್ಜಿ ತಗೊಂಡರು, ಎಫ್‌ಐಆರ್ ಮಾಡಲಿಲ್ಲ. ಸೈಕಲ್ಲಿನ ನಂಬರ್ ಹೇಳಿ ಅಂದರು. ಸೈಕಲ್ಲಿಗೆ ನಂಬರ್ ಇರುತ್ತದೆ ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇರುತ್ತದೆ. ಪೆಡಲ್ ಸೇರುವ ಕಡೆ, ಫ್ರೇಮಿನ ಅಡಿಗೆ ಅಥವಾ ಸೀಟಿನ ಕೆಳಗಿನ ಕೊಳವೆಯ ಮೇಲೆ ಒತ್ತಿರುತ್ತಾರೆ. ನಿಮ್ಮ ಮನೆಯಲ್ಲಿ ಸೈಕಲ್ಲಿದ್ದರೆ ಇವತ್ತೇ ಮಣ್ಣು ಒರೆಸಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕದ್ದ ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದಲ್ಲದಿದ್ದರೆ ಕಳ್ಳತನ ಸಂಜ್ಞೇಯ ಅಪರಾಧ, ಎಫ್‌ಐಆರ್ ದಾಖಲಿಸಬೇಕು, ಅದರ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು; ಅದಕ್ಕಿಂತ ಕಡಿಮೆ ಬೆಲೆಯದಾದರೆ ಅಸಂಜ್ಞೇಯ. ಆ ವರ್ಷದ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಅದರ 303ನೇ ಕಲಮಿನಲ್ಲಿ ಹೊಸ ಮಾತೊಂದಿದೆ: ಕದ್ದ ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಕದ್ದವನು ಮೊದಲ ಸಲ ಸಿಕ್ಕಿಬಿದ್ದವನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಸಣ್ಣ ಕಳ್ಳರನ್ನು ಜೈಲಿಗೆ ತುಂಬಿ ಆಗಬೇಕಾದ್ದೇನಿಲ್ಲ, ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ 3,200 ರೂಪಾಯಿಯ ಸೈಕಲ್ಲು ಸಣ್ಣ ಮಾಲು ಅನ್ನುವುದನ್ನು ಅಕ್ಕನ ಮನೆಯ ಹಜಾರದಲ್ಲಿ ಕೂತು ಒಪ್ಪುವುದು ಕಷ್ಟ.

ಯಾಕೆಂದರೆ ಆವತ್ತು ರಾತ್ರಿ ಭಾವ ಹೇಳಿದ್ದು ಸೈಕಲ್ಲಿನ ಮಾತಲ್ಲ. “ನೋಡಮ್ಮ, ಶೇಂಗಾ ಹಿಂಗೈತೆ, ಮಳೆ ಹಂಗೈತೆ. ಇನ್ನೊಂದು ಸೈಕಲ್ಲು ಈಗ ಆಗಾಕಿಲ್ಲ. ಒಂದು ವರ್ಸ ಮನ್ಯಾಗಿರ್ಲಿ, ಆಮೇಲೆ ನೋಡಾಣ.” ಒಂದು ವರ್ಷ ಮನೆಯಲ್ಲಿರುವುದು ಅಂದರೆ ಏನು ಅಂತ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿ ಒಲೆ ಮುಂದೆ ಕೂತು ಕಡ್ಡಿ ಮುರಿಯುತ್ತಿದ್ದಳು. ಅಕ್ಕ ಏನೂ ಅನ್ನಲಿಲ್ಲ. ಅವಳು ಏಳನೇ ಕ್ಲಾಸಿಗೆ ನಿಂತವಳು. ಹೈಸ್ಕೂಲು ಐದು ಕಿಲೋಮೀಟರ್ ದೂರ, ನಡೆದು ಹೋಗುವ ಹುಡುಗಿಯರು ಯಾರೂ ಇರಲಿಲ್ಲ, ನಿಂತಳು.

ನಾನು ನಿಲ್ಲಲಿಲ್ಲ. ನಾನು ಅಕ್ಕನಿಗಿಂತ ಜಾಣೆ ಅಂತ ಅಲ್ಲ. ಲೆಕ್ಕದಲ್ಲಿ ಅವಳೇ ಚುರುಕು, ಈಗಲೂ ರವಿಕೆಯ ಅಳತೆಯನ್ನು ಬಾಯಲ್ಲೇ ಹಾಕುತ್ತಾಳೆ. ನಾನು ಎಂಟನೇ ಕ್ಲಾಸಿಗೆ ಬಂದದ್ದು 2007-08ರಲ್ಲಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಅದರ ಹಿಂದಿನ ವರ್ಷ ಶುರುವಾಗಿತ್ತು. ನಮ್ಮೂರಿನಿಂದ ಒಂದೇ ಬಣ್ಣದ ಹನ್ನೊಂದು ಸೈಕಲ್ಲು ಸಾಲಾಗಿ ಹೋಗುತ್ತಿದ್ದವು. ಚೈನು ಬಿದ್ದರೆ ಹನ್ನೊಂದೂ ನಿಲ್ಲುತ್ತಿದ್ದವು.

ಆಗ ನಾವು ಬೀಗ ಹಾಕುತ್ತಿದ್ದೆವಾ? ನೆನಪು ಮಾಡಿಕೊಂಡರೆ ನಗು ಬರುತ್ತದೆ. ನಮ್ಮ ತಲೆನೋವು ಕಳ್ಳರದ್ದಾಗಿರಲಿಲ್ಲ, ಯಾವುದು ಯಾರದ್ದು ಅನ್ನುವುದಾಗಿತ್ತು. ಹ್ಯಾಂಡಲಿಗೆ ರಿಬ್ಬನ್ನು, ಸೀಟಿನ ಕೆಳಗೆ ಹೆಸರು, ಬೆಲ್ಲಿಗೆ ಹಳೆ ಬಳೆ ಕಟ್ಟಿ ಗುರುತು ಮಾಡಿಕೊಳ್ಳುತ್ತಿದ್ದೆವು. ಸುತ್ತಲ ಊರುಗಳಲ್ಲಿ ಎಲ್ಲರ ಮನೆಯಲ್ಲೂ ಅದೇ ಸೈಕಲ್ಲು ಇದ್ದಾಗ ಕದ್ದು ಯಾರಿಗೆ ಮಾರಬೇಕು? ನೋಡಿದವರೆಲ್ಲ, ಇದು ಇಸ್ಕೂಲ್ ಸೈಕಲ್ಲು, ನಿನಗೆಲ್ಲಿಂದ ಬಂತು ಅಂತಲೇ ಕೇಳುತ್ತಿದ್ದರು. ಆ ಯೋಜನೆಯ ಬಗ್ಗೆ ಬಂದ ದೂರುಗಳೂ ಗೊತ್ತು. ಸಡಿಲ ಬೋಲ್ಟು, ತಡವಾದ ವಿತರಣೆ, ಬಣ್ಣದ ರಾಜಕೀಯ. ಅದೆಲ್ಲ ಇದ್ದೂ, ಊರಿನ ತುಂಬ ಒಂದೇ ಥರದ ಸೈಕಲ್ಲು ಇದ್ದದ್ದೇ ನಮ್ಮ ಸೈಕಲ್ಲುಗಳಿಗೆ ಬೀಗವಾಗಿತ್ತು. ಕೊರೊನಾ ಬಂದ ವರ್ಷ ಸೈಕಲ್ಲು ಬರುವುದು ನಿಂತಿತು. ಅಕ್ಕನ ಮಗಳು ಎಂಟನೇ ಕ್ಲಾಸಿಗೆ ಬಂದದ್ದು ಆಮೇಲೆ. ಈಗ ಅವಳೂರಿನಿಂದ ಕ್ರಾಸಿಗೆ ಸೈಕಲ್ಲಿನಲ್ಲಿ ಬರುವ ಹುಡುಗಿಯರು ಇಬ್ಬರೇ. ಉಳಿದವರು ಅಪ್ಪನ ಇಲ್ಲವೇ ಅಣ್ಣನ ಬೈಕಿನ ಹಿಂದೆ. ಬೈಕಿಲ್ಲದವರು ಮನೆಯಲ್ಲಿ.

ಹೊಸ ಸೈಕಲ್ಲು ನಾನು ಕೊಡಿಸಿದೆ, 6,800 ರೂಪಾಯಿ. ಭಾವ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಇದೂ ಹೋದರೆ ಕಾಲೇಜಿನ ಮಾತು ಎತ್ತಬಾರದು. ಹಾಗಾಗಿ ಬೀಗ ಆರಿಸುವುದು ಅಂದರೆ ಹುಡುಗಿಯ ಎರಡನೇ ವರ್ಷವನ್ನು ಆರಿಸುವುದೇ ಆಗಿತ್ತು. ಸೈಕಲ್ಲಿಗಿಂತ ಹೆಚ್ಚು ದಿನ ಬೀಗ ಹುಡುಕಿದೆ.

ಬೆಂಗಳೂರಿನಲ್ಲಿ ಸೈಕಲ್ ಹುಚ್ಚಿನ ಗೆಳೆಯನೊಬ್ಬನಿದ್ದಾನೆ. ಕೇಳಿದ ತಕ್ಷಣ, ಯೂ-ಲಾಕ್ ತಗೋ ಅಂದ. ಇಂಗ್ಲಿಷ್ ಯೂ ಅಕ್ಷರದ ಹಾಗೆ ಬಗ್ಗಿಸಿದ ಗಟ್ಟಿ ಸರಳು, ಅಡ್ಡಕ್ಕೊಂದು ಕಬ್ಬಿಣದ ಕೊಳವೆ. ಮುರಿಯುವುದು ಕಷ್ಟ ನಿಜ. ಒಂದು ಮಾದರಿ ತರಿಸಿಕೊಂಡು ಅಕ್ಕನ ಊರಿನ ಕ್ರಾಸಿನಲ್ಲಿ ನಿಂತು ಸುತ್ತ ನೋಡಿದೆ: ಇದನ್ನು ಯಾವುದಕ್ಕೆ ಹಾಕುವುದು? ಯೂ-ಲಾಕು ಹುಟ್ಟಿದ ಊರುಗಳಲ್ಲಿ ಪೇಟೆ ಬೀದಿಗೆ ಸೈಕಲ್ ಕಟ್ಟಲೆಂದೇ ತೆಳು ಕಬ್ಬಿಣದ ಕಂಬ ನೆಟ್ಟಿರುತ್ತಾರೆ. ನಮ್ಮ ಕ್ರಾಸಿನಲ್ಲಿರುವುದು ಒಂದು ಬಸ್ ತಂಗುದಾಣ, ಅದರ ಕಂಬಗಳು ಸಿಮೆಂಟಿನವು, ತಬ್ಬಿಕೊಳ್ಳುವಷ್ಟು ದಪ್ಪ. ಟೀ ಅಂಗಡಿಯ ಹಿಂದೆ ಒಂದು ಬೇವಿನ ಮರ. ಪಕ್ಕದ ಹೊಲಕ್ಕೆ ಬೇಲಿಯಾಗಿ ನೆಟ್ಟ ಕಲ್ಲುಕಂಬಗಳು. ಒಂದು ವಿದ್ಯುತ್ ಕಂಬ, ಅದರ ತಂಟೆ ಬೇಡ. ಯೂ-ಲಾಕು ಇವು ಯಾವುದನ್ನೂ ಸುತ್ತಲಿಲ್ಲ. ವಾಪಸು ಕಳಿಸಿದೆ.

ಬೀಗ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಮೊದಲು, ಯಾವುದಕ್ಕೆ ಕಟ್ಟುತ್ತೀರಿ ಅಂತ ಕೇಳಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಅಲುಗಾಡದೆ ನಿಂತಿರುವುದೆಲ್ಲ ದಪ್ಪ: ಮರ, ಕಲ್ಲು, ಗೋಡೆ. ಆದ್ದರಿಂದ ನಮಗೆ ಸರಪಳಿಯೇ ಸರಿ. ಕಲ್ಲುಕಂಬ ಭದ್ರವಾಗಿ ಕಾಣುತ್ತದೆ, ಆದರೆ ಎದೆಯೆತ್ತರದ ಕಂಬವಾದರೆ ಸರಪಳಿ ಸಮೇತ ಸೈಕಲ್ಲನ್ನು ಮೇಲಕ್ಕೆ ಜಾರಿಸಿ ತೆಗೆಯಬಹುದು. ಮರವೇ ವಾಸಿ, ಕೊಂಬೆ ಒಡೆದ ಜಾಗದ ಕೆಳಗೆ.

ಇನ್ನು ಸರಪಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಮೇಲೆ ಕತ್ತರಿಸಿ ಕೊಡುವುದು ದನ ಕಟ್ಟಲು, ಗೇಟಿಗೆ ಹಾಕಲು ಮಾಡಿದ್ದು, ಮೆದು ಕಬ್ಬಿಣ. ಬೀಗಕ್ಕೆಂದೇ ಮಾಡಿದ ಸರಪಳಿಯ ಉಕ್ಕನ್ನು ಕಾಸಿ ಹದ ಮಾಡಿರುತ್ತಾರೆ. ಕೊಂಡಿಗಳು ದುಂಡಗಿರುವುದಕ್ಕಿಂತ ಚೌಕವಾಗಿರುವುದು ಹೆಚ್ಚು, ಕತ್ತರಿಯ ಬಾಯಿಗೆ ಸುಲಭಕ್ಕೆ ಸಿಗಬಾರದು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೆ ಒಂದು ಪರೀಕ್ಷೆ ಇದೆ. ಹ್ಯಾಕ್ಸಾ ಬ್ಲೇಡನ್ನು ಕೊಂಡಿಯ ಮೇಲೆ ನಾಲ್ಕು ಸಲ ಎಳೆಯಿರಿ. ಬ್ಲೇಡು ಕಚ್ಚಿ ಗೀರು ಬಿದ್ದರೆ ಮೆದು. ಗಾಜಿನ ಮೇಲೆ ಎಳೆದ ಹಾಗೆ ಜಾರಿದರೆ ಹದವಾದದ್ದು. ಚಳ್ಳಕೆರೆಯ ಅಂಗಡಿಯವರು ಮೊದಲು ಬೇಡ ಅಂದರು. “ಅಕ್ಕಾ, ಗೀರು ಬಿದ್ರೆ ಯಾರು ತಗೊಂತಾರೆ?” ಬಿದ್ದರೆ ನಾನೇ ತಗೋತೀನಿ ಅಂದೆ. ಮೊದಲ ಸರಪಳಿಯಲ್ಲಿ ಗೀರು ಬಿತ್ತು. ಅದನ್ನು ತಗೊಂಡೆ, ಈಗ ಅಕ್ಕನ ಮನೆಯ ಹಿತ್ತಿಲ ಬಾಗಿಲಿಗಿದೆ. ಎರಡನೆಯದರಲ್ಲಿ ಬ್ಲೇಡಿನ ಹಲ್ಲೇ ಹೋಯಿತು. ಬೈಕಿಗೆ ಹಾಕುವಂಥದ್ದು, ಎಂಟು ಮಿಲಿಮೀಟರ್ ಕೊಂಡಿ, ನಾಲ್ಕು ಅಡಿ ಉದ್ದ, ಬೀಗ ಸೇರಿ 950 ರೂಪಾಯಿ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಎರಡು ಕೆಜಿ ಎಂಬತ್ತು ಗ್ರಾಂ.

ಬೀಗದ ವಿಷಯದಲ್ಲಿ ನೋಡಬೇಕಾದ್ದು ಎರಡು. ಕೊಂಡಿ ಗಿಡ್ಡವಾಗಿರಬೇಕು, ಸರಳು ತೂರಿಸಿ ಮೀಟಲು ಸಂದು ಇರಬಾರದು. ಕೀಲಿ ದುಂಡನೆಯ ಕೊಳವೆಯಂತಿರಬಾರದು. ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಬೀಗಗಳನ್ನು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆಗೆಯಬಹುದು ಅಂತ 2004ರಲ್ಲಿ ಗೊತ್ತಾಗಿ ದೊಡ್ಡ ಗದ್ದಲವಾಯಿತು, ಕಂಪನಿ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಅಂಥ ದುಂಡು ಕೀಲಿಯ ಅಗ್ಗದ ಬೀಗಗಳು ನಮ್ಮ ಅಂಗಡಿಗಳಲ್ಲಿ ಇನ್ನೂ ನೇತಾಡುತ್ತಿವೆ. ಸರಪಳಿಯ ಜೊತೆ ಬಂದ ಬೀಗ ಸಡಿಲ ಅನ್ನಿಸಿದರೆ ಅಲಿಗಢದ್ದೋ ದಿಂಡಿಗಲ್ಲಿನದ್ದೋ ಒಂದು ಒಳ್ಳೆಯ ಬೀಗ ಬೇರೆ ತಗೊಳ್ಳಬಹುದು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ನಮ್ಮ ಮೊಳಕಾಲ್ಮುರು ಸೀರೆಗೆ ಇರುವಂಥದ್ದೇ.

ಇದು ಒಡೆಯಲಾಗದ ಬೀಗವೇ ಅಂದರೆ, ಅಲ್ಲ. ಬ್ಯಾಟರಿಯ ಗ್ರೈಂಡರ್ ಇದ್ದರೆ ಎಂಥದ್ದನ್ನೂ ಕೊಯ್ಯಬಹುದು. ಉದ್ದ ಹಿಡಿಯ ದೊಡ್ಡ ಬೋಲ್ಟ್ ಕಟರ್ ತಂದು ಇಬ್ಬರು ಬಲ ಹಾಕಿದರೂ ಹೋಗಬಹುದು. ಬ್ರಿಟನ್ನಿನಲ್ಲಿ ಪೊಲೀಸರೇ 1992ರಲ್ಲಿ ಸೋಲ್ಡ್ ಸೆಕ್ಯೂರ್ ಅಂತ ಒಂದು ಸಂಸ್ಥೆ ಹುಟ್ಟುಹಾಕಿದರು. ಅವರು ಬೀಗಗಳನ್ನು ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತಾರೆ. ಅಲ್ಲಿ ಅಳೆಯುವುದು ಯಾವ ಸಾಮಾನಿಗೆ ಎಷ್ಟು ಹೊತ್ತು ತಡೆಯಿತು ಅನ್ನುವುದನ್ನು. ದುಡ್ಡು ಕೊಟ್ಟು ನಾವು ಕೊಳ್ಳುವುದು ಕೆಲವು ನಿಮಿಷಗಳನ್ನು. ಟೀ ಅಂಗಡಿ ಇರುವ ಹೆದ್ದಾರಿ ಕ್ರಾಸಿನಲ್ಲಿ ಹಗಲು ಹೊತ್ತು ಕೆಲವು ನಿಮಿಷ ಕಬ್ಬಿಣ ಕುಟ್ಟುವವನನ್ನು ಯಾರಾದರೂ, ಏನಪ್ಪಾ ಅಂತ ಕೇಳೇ ಕೇಳುತ್ತಾರೆ. ಕಟ್ಟುವಾಗ ಸರಪಳಿ ನೆಲಕ್ಕೆ ತಾಗಬಾರದು. ನೆಲದ ಮೇಲಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಒತ್ತಿ ಇನ್ನೊಂದರ ಮೇಲೆ ಮೈಭಾರ ಹಾಕಬಹುದು. ಮೇಲಿದ್ದರೆ ತೋಳಿನ ಬಲವಷ್ಟೇ. ಸರಪಳಿ ಹಿಂದಿನ ಚಕ್ರದ ಮೂಲಕವೂ ಫ್ರೇಮಿನ ಮೂಲಕವೂ ಹಾದಿರಬೇಕು. ಬರೀ ಚಕ್ರಕ್ಕೆ ಕಟ್ಟಿದರೆ ಚಕ್ರ ಮಾತ್ರ ನಿಮಗೆ ಉಳಿಯುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ತಂದು ಕೊಟ್ಟಾಗ ಹುಡುಗಿ ಎರಡೂ ಕೈಯಲ್ಲಿ ಎತ್ತಿ ನೋಡಿ ಹೇಳಿದ್ದು ಒಂದೇ ಮಾತು. “ಚಿಕ್ಕಮ್ಮ, ಇದು ಎಮ್ಮೆ ಕಟ್ಟಾದಲ್ವಾ?”

ಅವಳ ತೂಕ 41 ಕೆಜಿ. ಪುಸ್ತಕ, ನೀರು, ಊಟದ ಡಬ್ಬಿ ಸೇರಿ ಬ್ಯಾಗು ಆರು ಕೆಜಿ. ಅದರ ಮೇಲೆ ಇದು. ಅಂತರ್ಜಾಲದ ವೀಡಿಯೊಗಳಲ್ಲಿ ಸರಪಳಿಯನ್ನು ಸೊಂಟಕ್ಕೆ ಬಿಗಿದುಕೊಂಡು ಓಡಿಸುವ ಗಂಡಸರು ಬರುತ್ತಾರೆ. ಚೂಡಿದಾರ ಹಾಕಿಕೊಂಡು, ಏಪ್ರಿಲ್ ತಿಂಗಳ ಚಳ್ಳಕೆರೆ ಬಿಸಿಲಲ್ಲಿ ಯಾರಾದರೂ ಅದನ್ನು ಮಾಡಿ ತೋರಿಸಲಿ. ಕೊರಳಿಗೆ ಹಾಕಿಕೊಳ್ಳುವುದಂತೂ ಕೂಡದು, ಬಿದ್ದರೆ ಕಬ್ಬಿಣದ ಮೇಲೆ ಬೀಳುತ್ತೀರಿ. ಹ್ಯಾಂಡಲಿಗೆ ನೇತುಹಾಕಿದರೆ ತೂಗಾಡಿ ಮುಂದಿನ ಚಕ್ರದ ಅರೆಗಳಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಬುಟ್ಟಿಯಲ್ಲಿಟ್ಟು ಒಂದು ದಿನ ನೋಡಿದಳು. ಊರಿನಿಂದ ಕ್ರಾಸಿಗೆ ಬರುವ ರಸ್ತೆಯಲ್ಲಿ ಅರ್ಧ ದಾರಿ ಗರಸು, ಆ ತೂಕಕ್ಕೆ ಹ್ಯಾಂಡಲು ಎಳೆದಾಡಿತು. ಕೊನೆಗೆ ನಿಂತದ್ದು ಹಿಂದಿನ ಕ್ಯಾರಿಯರು. ಪಂಕ್ಚರ್ ಅಂಗಡಿಯಿಂದ ತಂದ ಹಳೇ ಟ್ಯೂಬನ್ನು ಪಟ್ಟಿ ಮಾಡಿ ಎರಡು ಸುತ್ತು ಬಿಗಿದರೆ ಕುಲುಕುವುದಿಲ್ಲ, ಸದ್ದಿಲ್ಲ.

ಟ್ಯೂಬು ಇನ್ನೊಂದಕ್ಕೂ ಬಂತು. ಬರಿಯ ಸರಪಳಿ ಬಿಸಿಲಿಗೆ ಕಾದರೆ ಸಂಜೆ ಮುಟ್ಟಲಾಗುವುದಿಲ್ಲ, ಸೈಕಲ್ಲಿನ ಬಣ್ಣವೂ ಕಿತ್ತುಹೋಗುತ್ತದೆ. ಉದ್ದಕ್ಕೆ ಟ್ಯೂಬಿನೊಳಗೆ ಸರಪಳಿ ತೂರಿಸಿ, ಅದರ ಮೇಲೆ ಅಕ್ಕ ತನ್ನ ಹೊಲಿಗೆ ಯಂತ್ರದಲ್ಲಿ ಹಳೇ ಜೀನ್ಸಿನ ಚೀಲ ಹೊಲಿದು ಹಾಕಿದಳು. ಬೀಗದ ಬಾಯಿ ಕೆಳಗಿರುವ ಹಾಗೆ ಹಾಕಬೇಕು ಅನ್ನುವುದನ್ನು ಅವಳೇ ಹೇಳಿದ್ದು, ಧೂಳು ನಿಲ್ಲಬಾರದು ಅಂತ. ಶೇಂಗಾ ಕೀಳುವ ಕಾಲಕ್ಕೆ ನಮ್ಮ ಕಡೆ ಎದ್ದ ಧೂಳು ಎಲ್ಲಿಗೂ ಹೋಗುತ್ತದೆ. ಬೀಗ ಬಿಗಿಯಾದರೆ ಮನೆಯ ಎಣ್ಣೆ ಬಿಡುವ ಅಭ್ಯಾಸ ನಮ್ಮವರಿಗಿದೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಎಣ್ಣೆಗೇನು ಬರ. ಆದರೆ ಕಡ್ಲೆಕಾಯಿ ಎಣ್ಣೆ ಧೂಳಿನ ಜೊತೆ ಸೇರಿ ಜಿಡ್ಡು ಕಟ್ಟಿ ಬೀಗವನ್ನು ಕೊಲ್ಲುತ್ತದೆ. ಪೆನ್ಸಿಲ್ ಸೀಸದ ಪುಡಿ ಮಾಡಿ ಕೀಲಿಗೆ ಸವರಿ ಆಡಿಸುವುದು ಒಳ್ಳೆಯದು. ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಮೇಲಿನದನ್ನು ಒರೆಸಿಬಿಡಬೇಕು.

ಎರಡು ತಿಂಗಳು ಹೊತ್ತ ಮೇಲೆ ಹುಡುಗಿಯೇ ಒಂದು ದಾರಿ ಕಂಡುಕೊಂಡಳು. ದಿನಾ ನಿಲ್ಲಿಸುವುದು ಅದೇ ಮರಕ್ಕೆ. ಸಂಜೆ ಸೈಕಲ್ಲು ಬಿಚ್ಚಿಕೊಂಡು ಸರಪಳಿಯನ್ನು ಮರಕ್ಕೇ ಸುತ್ತಿ ಬೀಗ ಹಾಕಿ ಬಂದುಬಿಟ್ಟರೆ? ನನಗೆ ಭಯವಿತ್ತು, ಗುಜರಿಯವರ ಕಣ್ಣು ಬಿದ್ದರೆ ಅಂತ. ಮರಕ್ಕೆ ಬೀಗ ಹಾಕಿದ್ದನ್ನು ಒಯ್ಯಬೇಕಾದರೆ ಅದನ್ನೂ ಒಡೆಯಬೇಕಲ್ಲ ಅಂತ ಅವಳ ವಾದ. ಟೀ ಅಂಗಡಿಯ ಅಜ್ಜಿಗೆ ಹೇಳಿಟ್ಟಳು. ಈಗ ಸೋಮವಾರ ಒಯ್ದ ಸರಪಳಿ ಶನಿವಾರ ಸಂಜೆ ಮನೆಗೆ ಬರುತ್ತದೆ. ಭಾನುವಾರ ಅದಕ್ಕೆ ಒರೆಸಿ ಸೀಸ ಹಾಕುವ ಕೆಲಸ ಭಾವನದು. ಒಮ್ಮೆ ಯಾರೋ ಮಕ್ಕಳು ಬೀಗದ ಬಾಯಿಗೆ ಕಡ್ಡಿ ತುರುಕಿದ್ದರು, ಅಜ್ಜಿಯ ಸೀರೆಯ ಪಿನ್ನಿನಿಂದ ಕಾಲು ಗಂಟೆಯಲ್ಲಿ ಬಂತು. ಬಸ್ಸು ಹೋಯಿತು, ಅವಳ ಮೊದಲ ಪೀರಿಯಡ್ಡೂ ಹೋಯಿತು. ಇನ್ನೊಬ್ಬ ಹುಡುಗಿ ಇದ್ದಾಳೆ ಅಂದೆನಲ್ಲ, ಅವಳ ಸೈಕಲ್ಲೂ ಅದೇ ಮರಕ್ಕೆ. ಅವಳ ಹತ್ತಿರ ಇರುವುದು ನೂರೈವತ್ತರ ಸುರುಳಿ ಬೀಗ. ಅದನ್ನೇ ಈ ಸರಪಳಿಯ ಕೊಂಡಿಗೆ ಹಾಕುತ್ತಾಳೆ. ಸುರುಳಿ ಸುರುಳಿಯೇ, ಕತ್ತರಿಸುವವನು ಕತ್ತರಿಸುತ್ತಾನೆ. ಅವಳ ಮನೆಯಲ್ಲೂ ಒಂದು ದೊಡ್ಡದು ತಗೊಳ್ಳಿ ಅಂತ ಹೇಳಿ ಬಂದಿದ್ದೇನೆ, ಹಬ್ಬ ಆಗಲಿ ಅಂದಿದ್ದಾರೆ.

ಕೀಲಿ ಎರಡಿವೆ. ಒಂದು ದೇವರ ಫೋಟೊದ ಹಿಂದೆ. ಇನ್ನೊಂದು ಕಾಲೇಜಿನ ಐಡಿ ಕಾರ್ಡಿನ ದಾರದಲ್ಲಿ, ಅವಳ ಫೋಟೊ ಮತ್ತು ರಿಜಿಸ್ಟರ್ ನಂಬರಿನ ಜೊತೆ. ಸೈಕಲ್ಲಿನ ಫ್ರೇಮ್ ನಂಬರನ್ನು ಅವಳು ಆ ಕಾರ್ಡಿನ ಹಿಂದೆ ಬರೆದುಕೊಂಡಿದ್ದಾಳೆ. ಟ್ಯೂಷನ್ ಇರುವ ದಿನ ಮಾತ್ರ ಸರಪಳಿ ಮತ್ತೆ ಕ್ಯಾರಿಯರಿಗೆ ಬರುತ್ತದೆ. ಅದು ಇನ್ನೊಂದು ಊರು, ಅಲ್ಲಿ ಮರವಿಲ್ಲ, ಮೇಷ್ಟ್ರ ಮನೆಯ ಕಿಟಕಿಯ ಸರಳಿಗೆ ಕಟ್ಟುತ್ತಾಳೆ.